ಸಕ್ಕರೆ ಡಾಕ್ಟರು ಮತ್ತು ಮೈನಸ್ ಅರವತ್ತು

ಅವರ ಎಡ ಅಂಗೈಯ ಬುಡದಲ್ಲಿ, ಹೆಬ್ಬೆರಳಿನ ಕೆಳಗಿನ ದಿಬ್ಬದ ಮೇಲೆ, ಹುಣಸೆಬೀಜದಷ್ಟು ಅಗಲಕ್ಕೆ ಚರ್ಮ ಗಟ್ಟಿಕಟ್ಟಿತ್ತು. ಗುದ್ದಲಿ ಹಿಡಿಯುವವರ ಕೈಯಲ್ಲಿ ಇಂಥ ಗಂಟು ಇರುವುದು ಬೆರಳುಗಳ ಬುಡದಲ್ಲಿ. ಇದು ಬೇರೆ ಜಾಗ. ಔಷಧಿಯ ಸಣ್ಣ ಬಾಟಲಿಯನ್ನು ಬಲಗೈಯಲ್ಲಿ ಹಿಡಿದು, ಆ ಜಾಗಕ್ಕೆ ಟಪ್ ಟಪ್ ಎಂದು ಹತ್ತು ಸಲ ಕುಟ್ಟಿದ ಮೇಲೆಯೇ ಅವರು ಅದನ್ನು ರೋಗಿಯ ಕೈಗೆ ಕೊಡುತ್ತಿದ್ದುದು. ಆ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಆದರೆ ಮಳವಳ್ಳಿಯಲ್ಲಿರುವ ನನ್ನ ಅಕ್ಕ ಇದನ್ನು ಒಪ್ಪುವುದಿಲ್ಲ. "ಗಂಟೂ ಇಲ್ಲ ಗಿಂಟೂ ಇಲ್ಲ ಕಣ್ಲಾ. ಅವ್ರು ಕುಟ್ತಿದ್ದುದ್ದು ಮೇಜಿನ್ ಮ್ಯಾಲಿದ್ದ ದಪ್ಪ ಬುಕ್ಕಿಗೆ. ನೀನು ಎಲ್ಲಾನೂ ಕಟ್ಕಂಡು ಯೋಳ್ತೀಯ" ಎನ್ನುತ್ತಾಳೆ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರೆಯುವುದರಲ್ಲಿ ನನಗೆ ಖಾತ್ರಿಯಿರುವುದು ಸ್ವಲ್ಪ. ನಾನು ಮಂಡ್ಯದಲ್ಲಿ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ತಿಳಿಯಾಗಿ ಕಾಣುವ ನೀರನ್ನೇ ಮೊದಲು ಅನುಮಾನಿಸಬೇಕು ಎಂದು ಅಲ್ಲಿಗೆ ಬರುವ ಹೊಸಬರಿಗೆ ಹೇಳಿಕೊಡುವವನು ನಾನೇ. ಈಚೆಗೆ ನನ್ನ ನೆನಪೂ ಅತಿ ತಿಳಿಯಾಗಿ ಕಾಣತೊಡಗಿದೆ.

ಅವರು ಭಾರತೀನಗರದಲ್ಲಿ ಹೋಮಿಯೋಪತಿ ಡಾಕ್ಟರು. ಆ ಊರನ್ನು ನಮ್ಮ ಕಡೆಯವರು ಕೆ.ಎಂ. ದೊಡ್ಡಿ ಎಂದೇ ಕರೆಯುವುದು. ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ, ಒಬ್ಬ ಟೈಲರಿಗೂ, ಅತ್ತರು, ಸುರ್ಮ, ಊದುಬತ್ತಿ ಮಾರುವ ಸಾಹೇಬರ ಅಂಗಡಿಗೂ ನಡುವೆ ಅವರ ಒಂದು ಕೋಣೆಯ ದವಾಖಾನೆ. ಬಿಳಿ ಸಕ್ಕರೆ ಗುಳಿಗೆಗಳ ಮೇಲೆ ಎರಡು ಹನಿ ಔಷಧಿ ಬಿಟ್ಟು ಕೊಡುತ್ತಿದ್ದುದರಿಂದ ಜನ ಅವರಿಗೆ 'ಸಕ್ರೆ ಡಾಕ್ಟ್ರು' ಎಂದು ಹೆಸರಿಟ್ಟಿದ್ದರು. ಕಬ್ಬಿನ ಲಾರಿಗಳೂ ಸಕ್ಕರೆ ಕಾರ್ಖಾನೆಯ ಹುಳಿವಾಸನೆಯೂ ತುಂಬಿದ ಊರಿನಲ್ಲಿ ಅದು ಗೇಲಿಯ ಹೆಸರೇ. "ಫ್ಯಾಕ್ಟ್ರಿಯೋರು ಮೂಟೆಗಟ್ಲೆ ಮಾಡ್ತಾವ್ರೆ, ನಮ್ ಡಾಕ್ಟ್ರು ಚಿಟಿಕೆಲೇ ಸಂಸಾರ ಮಾಡ್ತಾವ್ರೆ" ಎಂದು ಟೈಲರು ಕತ್ತರಿ ಆಡಿಸುತ್ತಲೇ ರೇಗಿಸುತ್ತಿದ್ದ. "ನಿನ್ ಅಳತೆ ಟೇಪಿಗಿಂತ ನನ್ ಚಿಟಿಕೆ ವಾಸಿ ಬುಡಯ್ಯಾ" ಎಂದು ಡಾಕ್ಟರು ಒಳಗಿಂದಲೇ ಕೂಗುತ್ತಿದ್ದರು.

ಅವ್ವ ನನ್ನನ್ನು ಅವರಲ್ಲಿಗೆ ಕರೆದುಕೊಂಡು ಹೋದದ್ದು ನಾನು ಎಂಟನೇ ತರಗತಿಯಲ್ಲಿದ್ದಾಗ.

"ಒಟ್ಟೆನೋವು ಡಾಕ್ಟ್ರೆ. ವಾರಕ್ಕೊಂದ್ಸಲ ಬತ್ತದೆ. ಬಂದ್ರೆ ಇಸ್ಕೂಲ್ಗೇ ಓಗಾಕಿಲ್ಲ ಅಂತನೆ."

"ಯಾವತ್ತು ಬರುತ್ತವ್ವ?"

"ಗುರ್ವಾರ."

"ಗುರುವಾರ ಸ್ಕೂಲಲ್ಲಿ ಏನಿರುತ್ತೋ ಮರಿ?"

"ಲೆಕ್ಕದ್ ಪರೀಕ್ಸೆ" ಎಂದು ಅವ್ವನೇ ಹೇಳಿದಳು. ಹೇಳಿದ ಮೇಲೆ ಅವಳಿಗೇ ಹೊಳೆದು ನನ್ನ ಬೆನ್ನಿಗೊಂದು ಗುದ್ದು ಬಿತ್ತು. "ಕಳ್ ಮುಂಡೇದೆ! ಅದ್ಕೇನ್ಲಾ ಬಸ್ಸತ್ತಿಸ್ಕೊಂಡ್ ಬಂದಿದ್ದು?"

"ಬುಡವ್ವ. ನೋವು ನಿಜವಾಗೇ ಇರುತ್ತೆ" ಎಂದರು ಡಾಕ್ಟರು. ಅವ್ವನನ್ನು ಅಂಗಡಿ ಸಾಮಾನು ತರಲು ಕಳಿಸಿ, ನನ್ನ ಚೀಲದಿಂದ ಲೆಕ್ಕದ ನೋಟ್‌ಬುಕ್ಕನ್ನು ತಾವೇ ಎಳೆದುಕೊಂಡರು. ಅದರಲ್ಲಿ 10⁻³ = −1000 ಎಂದು ನಾನು ಬರೆದಿದ್ದೆ. 2⁻⁴ = −16 ಎಂದು ಬರೆದಿದ್ದೆ. ಪುಟದ ತುಂಬ ಕೆಂಪು ಗೀಟು.

"ಇದನ್ನ ಓದು."

"ಅತ್ತರ ಗಾತ ಋಣ ಮೂರು."

"ಅತ್ತರು ಪಕ್ಕದ್ ಸಾಹೇಬ್ರ ಅಂಗಡೀಲಿ ಸಿಗುತ್ತೆ. ಇದು ಹತ್ತರ. ಸರಿ, ಋಣ ಅಂದ್ರೆ ಏನು?"

"ಸಾಲ."

"ಅದಕ್ಕೆ ಸಾವಿರ ಸಾಲ ಮಾಡ್ಕೊಂಡ್ಯಾ?"

ಈಗ ಯೋಚಿಸಿದರೆ ನನ್ನ ತಪ್ಪಿಗೆ ಕಾರಣ ಆ ಪದವೇ. ಹಿಂದಿನ ವರ್ಷ ಋಣ ಸಂಖ್ಯೆಗಳನ್ನು ಕಲಿಸುವಾಗ ನಮ್ಮ ಮೇಷ್ಟ್ರು, ಋಣ ಎಂದರೆ ಸಾಲ ಇದ್ದ ಹಾಗೆ ಎಂದಿದ್ದರು. ಅದು ಸಂಖ್ಯೆಯ ಮುಂದೆ ನಿಂತ ಮೈನಸ್ಸಿಗೆ ಸರಿಹೋಗುವ ಮಾತು. ಸಂಖ್ಯೆಯ ತಲೆಯ ಮೇಲೆ ಕೂತ ಮೈನಸ್ಸು ಬೇರೆ ಜಾತಿಯದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಕ್ಕಿಲ್ಲ. ಆ ಸಾಧ್ಯತೆಯೂ ಇದೆ.

ಡಾಕ್ಟರು ಮೇಜಿನ ಮೇಲೆ ನೀಲಿ ಶಾಯಿಯ ಬಾಟಲಿ ಇಟ್ಟರು. ಪಕ್ಕದಲ್ಲಿ ಮೂರು ಗಾಜಿನ ಲೋಟ, ಒಂದೊಂದರಲ್ಲೂ ಒಂಬತ್ತು ಚಮಚ ನೀರು.

"ಇದು ಪೂರಾ ಶಾಯಿ. ಇನ್ನೂ ಒಂದ್ಸಲಾನೂ ತೆಳು ಮಾಡಿಲ್ಲ. ಸೊನ್ನೆ ಸಲ. ಅದಕ್ಕೇ ಹತ್ತರ ಘಾತ ಸೊನ್ನೆ ಅಂದ್ರೆ ಒಂದು. ಪೂರಾ ಒಂದು." ಆಮೇಲೆ ಒಂದು ಚಮಚ ಶಾಯಿಯನ್ನು ಮೊದಲ ಲೋಟಕ್ಕೆ ಸುರಿದು ಕಲಕಿದರು. "ಈಗ ಹತ್ತರಲ್ಲೊಂದು ಪಾಲು. ಮೈನಸ್ ಒಂದು." ಅದರಿಂದ ಒಂದು ಚಮಚ ಎರಡನೆಯದಕ್ಕೆ. "ನೂರರಲ್ಲೊಂದು. ಮೈನಸ್ ಎರಡು." ಅದರಿಂದ ಮೂರನೆಯದಕ್ಕೆ. ಮೂರನೆಯ ಲೋಟದಲ್ಲಿ ನೀಲಿ ಕಂಡೂ ಕಾಣದಂತಿತ್ತು.

"ಇದರಲ್ಲಿ ಶಾಯಿ ಐತಾ?"

"ಐತೆ."

"ಕಡಮೆ ಆಯ್ತಾ?"

"ಊಂ."

"ಸಾಲ ಆಯ್ತಾ?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. "ಕಡಮೆ ಇರೋದೂ ಇರೋದೇ ಕಣಪ್ಪ. ಮೈನಸ್ ಮೂರು ಅಂದ್ರೆ ಮೂರ್ಸಲ ಹತ್ತರಿಂದ ಭಾಗ್ಸು ಅಂತ. ಸಾವಿರದಲ್ಲೊಂದು. ಎಷ್ಟು ಇಳಿದ್ರೂ ಸೊನ್ನೆ ಆಗಲ್ಲ. ಸೊನ್ನೆಯಿಂದ ಕೆಳಕ್ಕಂತೂ ಹೋಗೋದೇ ಇಲ್ಲ."

ಆಮೇಲೆ ಪ್ರತಿ ಶನಿವಾರ ಪಾಠಕ್ಕೆಂದು ಅವರಲ್ಲಿಗೆ ಹೋಗತೊಡಗಿದೆ. ಹತ್ತರ ಜಾಗದಲ್ಲಿ ಎರಡು ಬಂತು, x ಬಂತು. 10⁵ × 10⁻³ ಎಷ್ಟು ಎಂದರೆ, "ಐದು ಮೆಟ್ಲು ಹತ್ತಿ ಮೂರು ಇಳುದ್ರೆ ಎಲ್ಲಿರ್ತೀಯ?" ಎಂದು ಕೇಳುತ್ತಿದ್ದರು. x⁻² ಭಿನ್ನರಾಶಿಯ ಗೆರೆಯ ಕೆಳಗೆ ಕೂತಿದ್ದರೆ, "ಗೆರೆ ದಾಟ್ಸಿ ಮ್ಯಾಲಕ್ ಹತ್ತಿಸು, ಮೈನಸ್ಸು ಅಲ್ಲೇ ಕಳಚ್ಕೊಳ್ಳುತ್ತೆ" ಎನ್ನುತ್ತಿದ್ದರು. ಹತ್ತು ಎಂಬ ಒಂದೇ ಮಾತು ಸಂಖ್ಯೆಯೂ ಆಗಿ, ಏರುವುದೂ ಆಗಿ ಇರುವ ಭಾಷೆಯಲ್ಲಿ ಇದನ್ನು ಕಲಿತದ್ದು ನನ್ನ ಅದೃಷ್ಟ. ಮೊದಲ ದಿನವೇ, ಗುರುವಾರ ಬೆಳಿಗ್ಗೆ ನಾಲ್ಕು ಗುಳಿಗೆ ತಿನ್ನುವಂತೆ ಕೊಟ್ಟಿದ್ದರು. ಹೊಟ್ಟೆನೋವು ನಿಂತಿತು. ನಿಲ್ಲಿಸಿದ್ದು ಗುಳಿಗೆಯೋ ಶಾಯಿಯೋ? ಉತ್ತರ ನನಗೆ ಗೊತ್ತು, ಅವ್ವನಿಗೂ ಗೊತ್ತು. ನಮ್ಮಿಬ್ಬರ ಉತ್ತರ ಒಂದೇ ಅಲ್ಲ.

ಅಂಥದೊಂದು ಶನಿವಾರ ನಾನು ಮೂಲೆಯಲ್ಲಿ ಲೆಕ್ಕ ಬಿಡಿಸುತ್ತಿದ್ದಾಗ ಬೆಳಕವಾಡಿಯಿಂದ ಒಬ್ಬ ಯಜಮಾನರು ಬಂದರು. ಹೆಗಲ ಮೇಲೆ ಟವಲು, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು.

"ಸಕ್ರೆ ಡಾಕ್ಟ್ರು ನೀವೇಯಾ? ನಂಗೆ ಸಕ್ರೆ ಐತಂತೆ. ಎಲ್ಡು ಬಸ್ ಬದ್ಲಾಯ್ಸ್ಕೊಂಡು ಬಂದಿವ್ನಿ."

ಡಾಕ್ಟರು ತಲೆ ಚಚ್ಚಿಕೊಂಡರು. "ಅಯ್ಯೋ ಯಜಮಾನ್ರೆ, ನನ್ ಹೆಸ್ರು ಸಕ್ರೆ, ನಿಮ್ ಕಾಯ್ಲೆ ಸಕ್ರೆ. ಒಂದಕ್ಕೊಂದು ನಂಟಿಲ್ಲ!"

"ಅದೆಂಗ್ ನಂಟಿಲ್ಲ? ಸಕ್ರೆ ಕಾಯ್ಲೆಗೆ ಸಕ್ರೆ ಡಾಕ್ಟ್ರು. ಬೋರ್ಡ್ ಇಲ್ದಿದ್ರೂ ಊರೆಲ್ಲ ಯೋಳ್ತದೆ."

ಇದು ವಾರಕ್ಕೊಂದು ಸಲವಾದರೂ ಆಗುತ್ತಿದ್ದ ಎಡವಟ್ಟು ಎಂದು ಟೈಲರು ಹೇಳುತ್ತಿದ್ದ. ಡಾಕ್ಟರು ನನ್ನನ್ನು ಟೀ ತರಲು ಕಳಿಸಿದರು. ನಾನು ಹಿಂದಿರುಗಿದಾಗ ಅವರು ಮೇಣದಬತ್ತಿ ಹಚ್ಚಿ, ಒಂದು ದೊಡ್ಡ ಬಾಟಲಿಯ ಬಿರಡೆಯ ಮೇಲೆ ಕರಗಿದ ಮೇಣ ತೊಟ್ಟಿಕ್ಕಿಸುತ್ತಿದ್ದರು. ಯಜಮಾನರು ಆ ಬಾಟಲಿಯನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟುಹೋದರು. ನಡುವೆ ಆದ ಮಾತು ನನಗೆ ಗೊತ್ತಿಲ್ಲ. ನಾನು ಕಂಡದ್ದು ಇಷ್ಟೇ: ತಮ್ಮಿಂದ ವಾಸಿಯಾಗದ ಕಾಯಿಲೆಗೆ ಡಾಕ್ಟರು ಬಾಟಲಿ ಕೊಟ್ಟರು.

ಆ ದೃಶ್ಯಕ್ಕೆ ಅರ್ಥ ಹಚ್ಚಿದ್ದು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ. ರಸಾಯನಶಾಸ್ತ್ರದ ತರಗತಿಯಲ್ಲಿ ಒಂದು ಮಧ್ಯಾಹ್ನ ಕಣಗಳ ಲೆಕ್ಕ ಬಂತು. ಅಂಕಿಯನ್ನು ಹತ್ತರಿಂದ ಭಾಗಿಸುತ್ತ ಎಷ್ಟು ದೂರ ಬೇಕಾದರೂ ಹೋಗಬಹುದು, ಅದು ಸೊನ್ನೆಯಾಗುವುದಿಲ್ಲ. ಔಷಧಿಯನ್ನು ಹಾಗೆ ಭಾಗಿಸಲಾಗುವುದಿಲ್ಲ. ಅದು ಎಣಿಸಬಹುದಾದಷ್ಟು ಕಣಗಳಿಂದ ಆದದ್ದು. ಹತ್ತರ ಮೈನಸ್ ಇಪ್ಪತ್ತನಾಲ್ಕರ ಸುಮಾರಿಗೆ ಕೊನೆಯ ಕಣವೂ ಕೈಬಿಡುತ್ತದೆ. ನಮ್ಮ ಡಾಕ್ಟರ ಶೀಷೆಗಳ ಮೇಲೆ '30' ಎಂದು ಬರೆದಿರುತ್ತಿತ್ತು. ಪ್ರತಿ ಸಲ ನೂರರಲ್ಲೊಂದರಂತೆ ಮೂವತ್ತು ಸಲ ತೆಳು ಮಾಡಿದ್ದು ಎಂದು ಅದರ ಅರ್ಥ. ಅಂದರೆ ಒಳಗೆ ಏನೂ ಇಲ್ಲ. 'ಎಷ್ಟು ಇಳಿದ್ರೂ ಸೊನ್ನೆ ಆಗಲ್ಲ' ಎಂದಿದ್ದರಲ್ಲ, ಅದು ನನಗೆ ಹೇಳಿದ ಪಾಠವೋ, ತಮಗೇ ಹೇಳಿಕೊಂಡ ಸಮಾಧಾನವೋ, ಗಿರಾಕಿಗಳಿಗೆ ಹೇಳುವ ಮಾತನ್ನೇ ನನಗೂ ಹೇಳಿದ್ದೋ? ಬೆಳಕವಾಡಿಯ ಯಜಮಾನರ ಬಾಟಲಿ ನೆನಪಾಯಿತು. ಮೋಸ ಹೋದೆ ಅನ್ನಿಸಿತು.

ದಸರಾ ರಜೆಗೆ ಊರಿಗೆ ಬಂದಾಗ ಅವ್ವ ಕುಂಟುತ್ತಿದ್ದಳು. ಎಡಗಾಲಿನ ಕಿರುಬೆರಳು ಕಪ್ಪಾಗಿತ್ತು.

"ಯಾರಿಗೆ ತೋರಿಸ್ದೆ?"

"ಸಕ್ರೆ ಡಾಕ್ಟ್ರಿಗೆ. ಬಾಟ್ಲಿ ಕೊಟ್ಟವ್ರೆ."

ಅಷ್ಟು ಸಾಕಾಯಿತು. ಆವತ್ತೇ ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಅವಳಿಗೆ ಸಕ್ಕರೆ ಕಾಯಿಲೆ ಇದ್ದುದು ಅಲ್ಲಿ ಗೊತ್ತಾಯಿತು. ಬೆರಳನ್ನು ತೆಗೆಯಬೇಕಾಯಿತು. ಎರಡು ತಿಂಗಳು ಮುಂಚೆ ಬಂದಿದ್ದರೆ ಬಹುಶಃ ಉಳಿಯುತ್ತಿತ್ತು ಎಂದರು ಅಲ್ಲಿನ ಡಾಕ್ಟರು. ಆ ಎರಡು ತಿಂಗಳನ್ನು ಯಾರು ತಿಂದರೆಂದು ನಾನು ಕೇಳುವ ಅಗತ್ಯವಿರಲಿಲ್ಲ.

ಅವ್ವನನ್ನು ಅಕ್ಕನ ವಶಕ್ಕೆ ಬಿಟ್ಟು ನೇರ ಕೆ.ಎಂ. ದೊಡ್ಡಿಗೆ ಹೋದೆ. ದವಾಖಾನೆಯಲ್ಲಿ ನಾಲ್ಕೈದು ಜನ ಕೂತಿದ್ದರು. ಅವರ ಮುಂದೆಯೇ ಡಾಕ್ಟರ ಮೇಜಿನಿಂದ ಔಷಧಿ ಬರೆಯುವ ಹಾಳೆ ಎಳೆದುಕೊಂಡು ದೊಡ್ಡದಾಗಿ ಬರೆದೆ: (10⁻²)³⁰ = 10⁻³².

"ಇಷ್ಟು ಇಳಿದ ಮೇಲೆ ಒಂದು ಕಣವೂ ಉಳಿದಿರಲ್ಲ. ಬರೀ ನೀರು, ಬರೀ ಸಕ್ಕರೆ. ಇದು ನಿಮಗೆ ಗೊತ್ತಾ ಇಲ್ವಾ?"

ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದರು. ಪೆನ್ನು ತೆಗೆದು ನನ್ನ 32ರ ಮೇಲೆ ಗೀಟು ಎಳೆದು 60 ಎಂದು ಬರೆದರು.

"ಘಾತದ ಮೇಲೆ ಘಾತ ಬಂದ್ರೆ ಗುಣಿಸ್ಬೇಕು ಮಗ. ನೀನು ಕೂಡಿದ್ದೀಯ. ಮೈನಸ್ ಅರವತ್ತು. ನೀನು ಹೇಳೋದಕ್ಕಿಂತ್ಲೂ ಬಡಕಲು ನನ್ ಔಷ್ದಿ."

ಬಾಗಿಲಲ್ಲಿ ನಿಂತಿದ್ದ ಟೈಲರು ಕಿಸಕ್ಕೆಂದ. ನನ್ನ ಕಿವಿ ಕಾದವು. ತನ್ನ ವಿರುದ್ಧದ ಲೆಕ್ಕವನ್ನು ತಾನೇ ತಿದ್ದಿ ಇನ್ನೂ ಗಟ್ಟಿ ಮಾಡಿಕೊಡುವ ಮನುಷ್ಯನನ್ನು ಏನೆಂದು ತಿಳಿಯಬೇಕು? ಅದೂ ಒಂದು ಜಾಣತನ ಎಂದುಕೊಂಡೆ.

ಅವರು ದನಿ ತಗ್ಗಿಸಿದರು. "ಅವ್ವಂಗೆ ಕೊಟ್ಟ ಬಾಟ್ಲಿ ನೋಡಿದ್ಯಾ?"

"ನೋಡೋದಕ್ಕೇನಿದೆ? ಅದರಲ್ಲಿ ಏನೂ ಇಲ್ಲ."

"ಊಂ" ಎಂದರು. "ಅದರಲ್ಲಿ ಏನೂ ಇಲ್ಲ."

ಅಥವಾ ಹಾಗೆಂದರು ಎಂದು ನನ್ನ ನೆನಪು. ಬಾಟಲಿಯ ಮಾತು ಅಲ್ಲಿ ಬಂದೇ ಇರಲಿಲ್ಲವೇನೋ, ಆಮೇಲೆ ತಿಳಿದದ್ದನ್ನೆಲ್ಲ ಸೇರಿಸಿ ನಾನೇ ಅವರ ಬಾಯಲ್ಲಿ ಇಟ್ಟೆನೇನೋ ಎಂಬ ಅನುಮಾನ ಈಗ ನನ್ನನ್ನು ಬಿಡುವುದಿಲ್ಲ. ಅಲ್ಲಿಂದ ಮನೆಗೆ ಬಂದು, ಆ ಡಾಕ್ಟರ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು ಎಂದೆ. ಯಾರೂ ಎತ್ತಲಿಲ್ಲ. ನಾನು ಮಾತ್ರ ಎತ್ತುತ್ತಿದ್ದೆ, ಮನೆಯ ಹೊರಗೆ. ನಮ್ಮ ಪ್ರಯೋಗಾಲಯಕ್ಕೆ ಬಂದ ಹೊಸಬರಿಗೆಲ್ಲ, ಖಾಲಿ ನೀರಿನಿಂದ ನನ್ನ ತಾಯಿಯ ಬೆರಳು ಕಳೆದ ಡಾಕ್ಟರ ಕಥೆ ಹೇಳಿದ್ದೇನೆ. ಅನುಮಾನ ಯಾಕೆ ಬೇಕು ಎಂಬುದಕ್ಕೆ ಅದು ನನ್ನ ಉದಾಹರಣೆ.

ಕಳೆದ ವರ್ಷ ಡಾಕ್ಟರು ತೀರಿಕೊಂಡರು. ಅಕ್ಕ ಫೋನ್ ಮಾಡಿ ತಿಳಿಸಿದಳು. ನಾನು ಹೋಗಲಿಲ್ಲ. ಕೆಲಸವಿತ್ತು ಎಂದು ನೆನಪು. ಕ್ಯಾಲೆಂಡರ್ ತೆಗೆದು ನೋಡಿದರೆ ಆವತ್ತು ಭಾನುವಾರ.

ಅಕ್ಕ ಹೋಗಿದ್ದಳು. ಸಂಜೆ ಮತ್ತೆ ಫೋನ್ ಮಾಡಿದಳು.

"ಬೆಳಕವಾಡಿಯಿಂದ ಒಂದ್ ಮನೆಯೋರೇ ಬಂದಿದ್ರು ಕಣ್ಲಾ. 'ನಮ್ಮಪ್ಪನ್ನ ಮಂಡ್ಯಕ್ಕೆ ಅಟ್ಟಿ ಬದುಕ್ಸಿದ್ದು ಇವ್ರೇಯ' ಅಂತ ಅತ್ಕಂಡ್ರು. ಆವಪ್ಪ ಎಂಬತ್ತು ದಾಟ್ಕಂಡು ತೀರ್ಕಂಡ್ರಂತೆ."

"ಮಂಡ್ಯಕ್ಕಾ? ಬಾಟ್ಲಿ ಕೊಟ್ಟಿದ್ದು ನಾನೇ ನೋಡಿದೀನಿ."

"ಮೇಣ ಹಾಕಿದ್ರಾ?"

"ಹಾಕಿದ್ರು."

"ಅದೇ ಮಂಡ್ಯ ಬಾಟ್ಲಿ. ಅಲ್ಲಿ ಎಲ್ಲಾರೂ ಅದ್ನೇ ಮಾತಾಡ್ತಿದ್ರು. ಬರೀ ಆಸ್ಪತ್ರೆಗೋಗು ಅಂದ್ರೆ ಯಾರೂ ಓಗಾಕಿಲ್ವಲ್ಲ, ಅದ್ಕೇ ಬಾಟ್ಲಿ ಕೊಟ್ಟು, ಮಂಡ್ಯಕ್ಕೋಗಿ ರಕ್ತ ತೋರ್ಸಿ ಚೀಟಿ ತರೋಗಂಟ ಮೇಣ ಒಡೀಬ್ಯಾಡ, ಒಡುದ್ರೆ ಔಷ್ದಿ ಕೆಡ್ತದೆ ಅಂತಿದ್ರಂತೆ. ಔಷ್ದಿ ಆಸೆಗೆ ಓಯ್ತಿದ್ರು ಜನ."

ಸತ್ತವರ ಮನೆಯಲ್ಲಿ ಜನ ಒಳ್ಳೆಯದನ್ನೇ ಕಟ್ಟಿ ಹೇಳುತ್ತಾರೆ. ಅಕ್ಕ ಅದಕ್ಕೆ ಇನ್ನಷ್ಟು ಸೇರಿಸುತ್ತಾಳೆ. ಆದರೂ ಫೋನ್ ಇಟ್ಟ ಮೇಲೆ ಕೂರಲಾಗಲಿಲ್ಲ. ಅವ್ವ ಈಗ ಮಂಡ್ಯದಲ್ಲಿ ನಮ್ಮ ಜೊತೆಗೇ ಇದ್ದಾಳೆ. ಅವಳ ಟ್ರಂಕು ತೆರೆದೆ.

"ಏನ್ ಉಡುಕ್ತೀಯ?"

"ಸಕ್ಕರೆ ಡಾಕ್ಟ್ರು ಕೊಟ್ಟ ಬಾಟ್ಲಿ. ಬಿಸಾಕ್ಬುಟ್ಯಾ?"

"ಬಿಸಾಕಾದ್ಯಾಕೆ? ಅಡೀಲೈತೆ ನೋಡು."

ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಬಾಟಲಿ ತಳದಲ್ಲಿತ್ತು. ಬಿರಡೆಯ ಮೇಲಿನ ಮೇಣ ಹಳದಿಗಟ್ಟಿತ್ತು, ಒಡೆದಿರಲಿಲ್ಲ. ಬಾಟಲಿಗೆ ಒಂದು ಚೀಟಿ ಅಂಟಿಸಿತ್ತು. ಅದರ ಮೇಲೆ, ನನ್ನ ನೋಟ್‌ಬುಕ್ಕಿನ ಅಂಚಿನಲ್ಲಿ ಎಷ್ಟೋ ಸಲ ಕಂಡಿದ್ದ ಅದೇ ಓರೆ ಅಕ್ಷರ: 'ಇವತ್ತೇ ಮಂಡ್ಯ ಆಸ್ಪತ್ರೆಗೆ ಹೋಗುವುದು. ರಕ್ತ ಪರೀಕ್ಷೆ ಚೀಟಿ ತಂದ ಮೇಲೆ ಮೇಣ ಒಡೆಯುವುದು. ಮಗ ಓದಲಿ.' ಕೆಳಗೆ ತಾರೀಖು. ನಾನು ರಜೆಗೆ ಬಂದದ್ದಕ್ಕೆ ಎರಡು ತಿಂಗಳು ಹಿಂದಿನದು.

ಆಮೇಲೆ ಅಂಟಿಸಿದ್ದಿರಬಹುದೆ? ಅವ್ವನಿಗೆ ಓದುಬರಹ ಬಾರದು. ಬೇರೆ ಯಾರಾದರೂ? ಯಾಕಾಗಿ? ಒಂದೊಂದೇ ಅನುಮಾನವನ್ನು ಎತ್ತಿ ನೋಡಿದೆ, ಒಂದೂ ನಿಲ್ಲಲಿಲ್ಲ. ಆದರೂ ಕೈ ಕೇಳಬೇಕಲ್ಲ. ಮರುದಿನ ಬಾಟಲಿಯನ್ನು ಪ್ರಯೋಗಾಲಯಕ್ಕೆ ಒಯ್ದು ಬ್ಲೇಡಿನಿಂದ ಮೇಣ ಬಿಡಿಸಿದೆ. ಹೋಮಿಯೋಪತಿ ಔಷಧಿಯ ಹನಿಗಳಿಗೆ ಇರುವ ಸ್ಪಿರಿಟ್ಟಿನ ವಾಸನೆ ಇರಲಿಲ್ಲ. ಕ್ರಿಮಿ ಎಣಿಸಲು ನಾವು ದಿನವೂ ಮಾಡುವ ಕೆಲಸವನ್ನೇ ಮಾಡಿದೆ: ಮೂರು ಗಾಜಿನ ನಳಿಕೆ, ಒಂದೊಂದರಲ್ಲಿ ಒಂಬತ್ತು ಪಾಲು ಶುದ್ಧ ನೀರು, ಮೊದಲನೆಯದಕ್ಕೆ ಒಂದು ಪಾಲು ಮಾದರಿ, ಅದರಿಂದ ಮುಂದಿನದಕ್ಕೆ ಒಂದು ಪಾಲು. ನಳಿಕೆಗಳ ಮೇಲೆ 10⁻¹, 10⁻², 10⁻³ ಎಂದು ಬರೆದೆ. ಬೆರೆಯಲೆಂದು ಒಂದೊಂದನ್ನೂ ಎಡ ಅಂಗೈಯ ಬುಡಕ್ಕೆ ಟಪ್ ಟಪ್ ಎಂದು ಕುಟ್ಟಿದೆ. ಇಷ್ಟು ವರ್ಷ ಹೀಗೆ ಕುಟ್ಟುತ್ತ ಬಂದಿದ್ದೇನೆ, ಯಾರಿಂದ ಕಲಿತೆನೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ಎರಡು ದಿನದ ನಂತರ ನೋಡಿದರೆ ಕ್ರಿಮಿಯಿಲ್ಲ. ಹನಿಯನ್ನು ಗಾಜಿನ ಮೇಲೆ ಆರಿಸಿದರೆ ಸುಣ್ಣದ ತೆಳು ಕಲೆ, ನಮ್ಮ ಕಡೆಯ ಯಾವ ನಲ್ಲಿ ನೀರಿಗೂ ಇರುವಷ್ಟೇ. ಕಾಯಿಸಿ ಆರಿಸಿ ತುಂಬಿದ ನೀರು. ಹತ್ತರ ಮೈನಸ್ ಅರವತ್ತೂ ಇಲ್ಲ. ಅವರು ಅದಕ್ಕೆ ಔಷಧಿಯನ್ನೇ ಹಾಕಿರಲಿಲ್ಲ.

ಮನೆಗೆ ಬಂದು ಅವ್ವನ ಎದುರು ಕೂತೆ.

"ಅದರಲ್ಲಿ ಬರೀ ನೀರು ಕಣವ್ವ."

"ಊಂ. ಅವ್ರೇ ಯೋಳಿದ್ರಲ್ಲ."

"ಏನಂತ?"

"ಬ್ಯಾರೆಯೋರ್ಗೆಲ್ಲ ಔಷ್ದಿ ಅಂತ ಯೋಳ್ತೀನಿ, ನಿನ್ ಮಗನ್ ಮುಂದೆ ಸುಳ್ಳು ನಡ್ಯಾಕಿಲ್ಲ ಕಣವ್ವ, ಇದು ನೀರು, ಮಂಡ್ಯಕ್ಕೋಗು, ಚೀಟಿ ಮಗನ್ ಕೈಲಿ ಓದ್ಸು ಅಂದ್ರು. ನಿಂಗೆ ಪರೀಕ್ಸೆ ಐತಲ್ಲ ಅಂತ ನಾನೇ ಸುಮ್ಕಾದೆ. ರಜಕ್ ಬರ್ಲಿ ಬುಡು ಅಂತ."

"ಇಷ್ಟು ವರ್ಷ ಯಾಕವ್ವ ಹೇಳ್ಲಿಲ್ಲ?"

ಅವ್ವ ಬೆರಳಿಲ್ಲದ ಕಾಲನ್ನು ಸೀರೆಯೊಳಗೆ ಎಳೆದುಕೊಂಡಳು. "ಅವ್ರ ಎಸ್ರು ಎತ್ತಬ್ಯಾಡ ಅಂದೋನು ನೀನು. ನೀನ್ ಯಾವತ್ ಕೇಳ್ದೆ?"

ಬಾಟಲಿಯ ಚೀಟಿಯನ್ನು ಈಗ ನನ್ನ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದೇನೆ. ಹೊಸಬರಿಗೆ ಕಥೆ ಹೇಳುವಾಗ ಬೋರ್ಡಿನ ಮೇಲೆ ಮೊದಲು ನನ್ನ ಮೂವತ್ತೆರಡನ್ನು ಬರೆದು, ಆಮೇಲೆ ಹೊಡೆದುಹಾಕಿ ಅರವತ್ತು ಬರೆಯುತ್ತೇನೆ. ತಿದ್ದಿದವರು ಯಾರೆಂದು ಹೇಳುತ್ತೇನೆ. ಅವರ ಕೈಯ 60 ಇರುವ ಆ ಹಾಳೆಯನ್ನೂ ತೋರಿಸುವ ಆಸೆ ಇತ್ತು. ಆದರೆ ಅದನ್ನು ಆವತ್ತು ಅವರ ಕಣ್ಣೆದುರಿಗೇ ನಾಲ್ಕು ಚೂರು ಮಾಡಿ ಅವರ ಮೇಜಿನ ಮೇಲೆ ಎಸೆದು ಬಂದಿದ್ದೆ. ಇಷ್ಟೆಲ್ಲದರಲ್ಲಿ ಅದೊಂದರ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.